ಹತ್ತನೇ ಸ್ಪ್ರಿಂಟ್‌ಗೆ ದಮ್ಮು ಎಲ್ಲಿಂದ?

ಫುಟ್‌ಬಾಲ್ ಆಡುವ ಮಕ್ಕಳ ಬಗ್ಗೆ ಬರೆಯಿರಿ ಎಂದದ್ದೇ ತಡ, ಪತ್ರಗಳ ಕಟ್ಟೇ ಬಂದು ಬಿತ್ತು. ಬಹುಪಾಲು ಪತ್ರಗಳ ದೂರು ಒಂದೇ: ಹುಡುಗ ಓಡುತ್ತಾನೆ, ಕೊನೆಯವರೆಗೆ ಓಡುವುದಿಲ್ಲ. ಹಾಗಾಗಿ ಈ ಸಂಚಿಕೆಯ ಜಾಗವೆಲ್ಲ ಅದಕ್ಕೇ. ಬೂಟು ಯಾವುದು ಕೊಳ್ಳಬೇಕೆಂದು ಕೇಳಿದವರು ಒಂದು ತಿಂಗಳು ಕಾಯಬೇಕು.

ನನ್ನ ಮಗನಿಗೆ 14 ವರ್ಷ, ವಿಂಗ್‌ನಲ್ಲಿ ಆಡ್ತಾನೆ. ಮೊದಲ ಅರ್ಧದಲ್ಲಿ ಇವನನ್ನು ಹಿಡಿಯೋರೇ ಇಲ್ಲ. ಎರಡನೇ ಅರ್ಧಕ್ಕೆ ಬಂದರೆ ಇವನಿಗಿಂತ ನಿಧಾನದ ಹುಡುಗರೂ ದಾಟಿಕೊಂಡು ಹೋಗ್ತಾರೆ, ಇವನು ಸೊಂಟದ ಮೇಲೆ ಕೈಯಿಟ್ಟು ನಿಂತುಬಿಡ್ತಾನೆ. ಸ್ಟಾಮಿನಾ ಇಲ್ಲ, ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ಓಡಿಸಿ ಅಂತ ಕೋಚ್ ಹೇಳಿದರು. ಎರಡು ತಿಂಗಳಿಂದ ಕೆರೆ ಸುತ್ತ ಓಡಿಸ್ತಿದ್ದೇನೆ. ಏನೂ ಬದಲಾಗಿಲ್ಲ.
*ಒಬ್ಬ ತಂದೆ, ಹಲಸೂರು, ಬೆಂಗಳೂರು*

ಕೋಚ್ ಹೇಳಿದ್ದರಲ್ಲಿ ಅರ್ಧ ಸರಿ. ನಿಮ್ಮ ಮಗನಿಗೆ ಬೇಕಾಗಿರುವುದು ಆಮ್ಲಜನಕ ಬಳಸುವ ಶಕ್ತಿಯೇ. ಅದು ಕೆರೆ ಸುತ್ತ ಒಂದೇ ಹದದಲ್ಲಿ ಓಡಿದರೆ ಅಷ್ಟಾಗಿ ಬೆಳೆಯುವುದಿಲ್ಲ.

ಪಂದ್ಯದಲ್ಲಿ ಒಂದು ಸ್ಪ್ರಿಂಟ್ ಎಂದರೆ ಸಾಮಾನ್ಯವಾಗಿ 2ರಿಂದ 4 ಸೆಕೆಂಡಿನ ಕೆಲಸ. ದೊಡ್ಡವರ ಪಂದ್ಯಗಳನ್ನು ಅಳೆದು ನೋಡಿದವರು ಹೇಳುವಂತೆ, ಸುಮಾರು ಅರ್ಧದಷ್ಟು ಸ್ಪ್ರಿಂಟ್‌ಗಳು 10 ಮೀಟರ್ ಕೂಡ ದಾಟುವುದಿಲ್ಲ. 30 ಮೀಟರ್ ಮೀರುವಂಥವು ತೀರ ಅಪರೂಪ. ಅಷ್ಟು ಚಿಕ್ಕ ಓಟಕ್ಕೆ ಸ್ನಾಯು ಆಮ್ಲಜನಕಕ್ಕಾಗಿ ಕಾಯುತ್ತಾ ಕೂರುವುದಿಲ್ಲ. ತನ್ನೊಳಗೇ ಕೂಡಿಟ್ಟುಕೊಂಡ ಫಾಸ್ಫೋಕ್ರಿಯೇಟಿನ್ ಎಂಬ ವಸ್ತುವನ್ನು ಖರ್ಚು ಮಾಡುತ್ತದೆ. ಇದನ್ನು ಮನೆಯ ಮೇಲಿನ ನೀರಿನ ಟ್ಯಾಂಕ್ ಅಂದುಕೊಳ್ಳಿ. ನಲ್ಲಿ ಪೂರ್ತಿ ತಿರುಗಿಸಿದರೆ ಕೆಲವೇ ಸೆಕೆಂಡಿನಲ್ಲಿ ತಳ ಕಾಣುವಷ್ಟು ಚಿಕ್ಕ ಟ್ಯಾಂಕ್. ಅದನ್ನು ಮತ್ತೆ ತುಂಬಿಸುವ ಮೋಟರ್ ಮಾತ್ರ ನಡೆಯುವುದು ಆಮ್ಲಜನಕದಿಂದ. ಅರ್ಧ ತುಂಬಲು ಸುಮಾರು 30 ಸೆಕೆಂಡು, ಪೂರ್ತಿಯಾಗಲು 3ರಿಂದ 5 ನಿಮಿಷ. ಪಂದ್ಯದಲ್ಲಿ ಎರಡು ಸ್ಪ್ರಿಂಟ್‌ಗಳ ನಡುವೆ ಸರಾಸರಿ 90 ಸೆಕೆಂಡು ಸಿಗುತ್ತದೆ ಎನ್ನುತ್ತಾರೆ. ಆದರೆ ಸರಾಸರಿ ನಂಬಿ ಯಾರೂ ಆಡಲಾಗದು. ನಿಮ್ಮ ಮಗ ಬಾಲ್ ಕಳೆದುಕೊಂಡು, ಹಿಂದಕ್ಕೆ ಓಡಿ, ಮತ್ತೆ ಮುಂದೆ ನುಗ್ಗುವ ಹೊತ್ತಿನಲ್ಲಿ ಸಿಗುವುದು 15 ಸೆಕೆಂಡು ಇರಬಹುದು.

ಇಂಗ್ಲೆಂಡಿನ ಲಫ್ಬರೋ ವಿಶ್ವವಿದ್ಯಾಲಯದವರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಸೈಕಲ್ ಮೇಲೆ 6 ಸೆಕೆಂಡಿನ ಹತ್ತು ಸ್ಪ್ರಿಂಟ್, ನಡುವೆ 30 ಸೆಕೆಂಡು ಬಿಡುವು. ಹತ್ತನೇ ಸ್ಪ್ರಿಂಟ್ ಹೊತ್ತಿಗೆ ಬಲ ಸುಮಾರು 27 ಶೇಕಡಾ ಇಳಿದಿತ್ತು. ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು ಇನ್ನೊಂದು ಸಂಗತಿ: ಮೊದಲ ಸ್ಪ್ರಿಂಟ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಶಕ್ತಿ ಒದಗಿಸಿದ್ದ, ಆಮ್ಲಜನಕವಿಲ್ಲದೆ ಸಕ್ಕರೆ ಒಡೆಯುವ ದಾರಿ ಹತ್ತನೆಯದರ ಹೊತ್ತಿಗೆ ಬಹುಪಾಲು ಮುಚ್ಚಿಹೋಗಿತ್ತು. ಆಗ ಉಳಿದದ್ದು ಮರುತುಂಬಿದಷ್ಟು ಫಾಸ್ಫೋಕ್ರಿಯೇಟಿನ್ ಮತ್ತು ಆಮ್ಲಜನಕ. ಅಂದರೆ ಸ್ಪ್ರಿಂಟ್ ಮಾಡುವವನಿಗೆ ಹೃದಯ, ಶ್ವಾಸಕೋಶ ಬೇಕಾಗುವುದು ಸ್ಪ್ರಿಂಟ್ ಹೊತ್ತಿಗಿಂತ ಹೆಚ್ಚಾಗಿ ಅದು ಮುಗಿದ ಮೇಲೆ. ಮಗ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದು ಸೋಮಾರಿತನವಲ್ಲ, ಮೋಟರ್ ಸಣ್ಣದು.

ಮೋಟರ್ ದೊಡ್ಡದು ಮಾಡುವುದು ಹೇಗೆ? 2001ರಲ್ಲಿ ನಾರ್ವೆಯ ಹೆಲ್ಗೆರುಡ್ ಮತ್ತು ಸಂಗಡಿಗರು 18ರ ಆಸುಪಾಸಿನ ಜೂನಿಯರ್ ಆಟಗಾರರಿಗೆ ಮಾಮೂಲಿ ಅಭ್ಯಾಸದ ಜೊತೆಗೆ ವಾರಕ್ಕೆ ಎರಡು ದಿನ ಒಂದು ಕೆಲಸ ಕೊಟ್ಟರು: 4 ನಿಮಿಷ ಜೋರು ಓಟ, 3 ನಿಮಿಷ ಮೆಲ್ಲಗೆ, ಹೀಗೆ ನಾಲ್ಕು ಸಲ. ಜೋರು ಎಂದರೆ ಹೃದಯ ತನ್ನ ಗರಿಷ್ಠ ಬಡಿತದ 90ರಿಂದ 95 ಶೇಕಡಾದಲ್ಲಿ. ಎಂಟು ವಾರದಲ್ಲಿ ಅವರ ಆಮ್ಲಜನಕ ಬಳಕೆಯ ಗರಿಷ್ಠ ಮಟ್ಟ, ದೇಹತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ 58.1 ಮಿಲಿಲೀಟರ್ ಇದ್ದದ್ದು, 64.3ಕ್ಕೆ ಏರಿತು. ಪಂದ್ಯದಲ್ಲಿ ಓಡಿದ ದೂರ 20 ಶೇಕಡಾ ಹೆಚ್ಚಿತು, ಸ್ಪ್ರಿಂಟ್‌ಗಳ ಸಂಖ್ಯೆ ದುಪ್ಪಟ್ಟಾಯಿತು. ಅವರ ವೇಗ ಮಾತ್ರ ಒಂದಿಷ್ಟೂ ಬದಲಾಗಲಿಲ್ಲ. ಇದ್ದ ವೇಗವನ್ನೇ ಎರಡು ಪಟ್ಟು ಸಲ ಬಳಸಿಕೊಂಡರು, ಅಷ್ಟೆ.

ನಿಮ್ಮ ಮಗನಿಗೆ 14 ಆದ್ದರಿಂದ ಎರಡೋ ಮೂರೋ ಸುತ್ತಿನಿಂದ ಶುರು ಮಾಡಿ, ತಿಂಗಳಲ್ಲಿ ನಾಲ್ಕಕ್ಕೆ ಬನ್ನಿ. ಕೇಳಿದ್ದಕ್ಕೆ ಒಂದೆರಡು ಪದದಲ್ಲಷ್ಟೇ ಉತ್ತರ ಕೊಡಲು ಸಾಧ್ಯವಾಗುವ ವೇಗ ಸರಿಯಾದದ್ದು. ಪೂರ್ತಿ ವಾಕ್ಯ ಬಂದರೆ ನಿಧಾನವಾಯಿತು, ಮಾತೇ ಹೊರಡದಿದ್ದರೆ ಅತಿಯಾಯಿತು. ವಾರಕ್ಕೆರಡೇ ದಿನ, ಪಂದ್ಯದ ಹಿಂದಿನ ದಿನ ಬೇಡ. ಬೆಳಗಿನ ಕೆರೆ ಓಟವನ್ನು ಅಪ್ಪ ಒಬ್ಬರೇ ಮುಂದುವರಿಸಬಹುದು.

ಒಂದು ಮಾತು ಕೋಚ್‌ಗೂ ತಲುಪಲಿ. ಮೊದಲ ಇಪ್ಪತ್ತು ನಿಮಿಷದಲ್ಲಿ ಪ್ರತಿ ಬಾಲ್‌ಗೂ ನುಗ್ಗುವ ವಿಂಗರ್‌ಗೆ ಯಾವ ಬಾಲ್ ಬಿಡಬೇಕೆಂದು ಕಲಿಸುವುದೂ ಸ್ಟಾಮಿನಾ ಕಲಿಸಿದಂತೆಯೇ.

ನಾನು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕ. 40 ಹುಡುಗರು, ಮೂರು ಬಾಲು, ಒಂದು ವಿಸಿಲ್. ಅಭ್ಯಾಸಕ್ಕೆ ಮುಂಚೆ ಗ್ರೌಂಡ್ ಸುತ್ತ ಹತ್ತು ರೌಂಡ್ ಹೊಡೆಸುತ್ತೇನೆ. ಇಂಥ ಕಡೆ ಸ್ಪ್ರಿಂಟ್ ತಾಳಿಕೆ ಅಳೆಯುವುದು, ಬೆಳೆಸುವುದು ಸಾಧ್ಯವೇ?
*ದಾವಣಗೆರೆ ಜಿಲ್ಲೆ*

ಧಾರಾಳವಾಗಿ ಸಾಧ್ಯ ಮೇಷ್ಟ್ರೇ. ಮೊದಲು ಆ ಹತ್ತು ರೌಂಡ್ ನಿಲ್ಲಿಸಿ. ಅವು ಇಪ್ಪತ್ತು ನಿಮಿಷ ತಿಂದುಹಾಕುತ್ತವೆ, ಬಾಲ್ ಮುಟ್ಟುವ ಹೊತ್ತಿಗೆ ಹುಡುಗರ ಕಾಲು ಸತ್ತಿರುತ್ತದೆ. ತಡವಾಗಿ ಬಂದವನಿಗೆ ಎರಡು ರೌಂಡ್ ಹೆಚ್ಚು ಎಂಬ ಪದ್ಧತಿಯಂತೂ ನಮ್ಮಲ್ಲಿ ಓಟವನ್ನೇ ಶಿಕ್ಷೆ ಮಾಡಿಬಿಟ್ಟಿದೆ. ಶಿಕ್ಷೆಯಾಗಿ ಕಲಿತದ್ದನ್ನು ಯಾವ ಹುಡುಗ ಪಂದ್ಯದಲ್ಲಿ ಮನಸ್ಸಿಟ್ಟು ಮಾಡುತ್ತಾನೆ?

ಅಳೆಯುವುದಕ್ಕೆ ಒಂದು ಸ್ಟಾಪ್‌ವಾಚ್ ಸಾಕು, ಅದು ನಿಮ್ಮ ಫೋನಿನಲ್ಲೇ ಇದೆ. 20 ಮೀಟರ್ ಅಂತರದಲ್ಲಿ ಎರಡು ಗೆರೆ ಎಳೆಯಿರಿ. ಹುಡುಗ ಪೂರ್ತಿ ಜೋರಿನಲ್ಲಿ ಹೋಗಿ ತಿರುಗಿ ಬರಲಿ, ಒಟ್ಟು 40 ಮೀಟರ್. 20 ಸೆಕೆಂಡು ಬಿಡುವು, ಮತ್ತೆ ಓಟ. ಹೀಗೆ ಆರು ಸಲ. ಒಬ್ಬ ಹುಡುಗನ ಅತಿ ಒಳ್ಳೆಯ ಓಟ 7.2 ಸೆಕೆಂಡು, ಆರೂ ಸೇರಿ 45 ಸೆಕೆಂಡು ಅಂತಿಟ್ಟುಕೊಳ್ಳಿ. ಪ್ರತಿ ಸಲವೂ 7.2ರಲ್ಲೇ ಓಡಿದ್ದರೆ 43.2 ಆಗಬೇಕಿತ್ತು. ಹೆಚ್ಚಾದದ್ದು 1.8 ಸೆಕೆಂಡು, ಅಂದರೆ ಸುಮಾರು 4 ಶೇಕಡಾ ಕುಸಿತ. ಆದರೆ ಈ ಶೇಕಡಾ ಲೆಕ್ಕ ಹಿಡಿದು ತಂಡ ಆರಿಸಬೇಡಿ. ಮೊದಲ ಓಟದಲ್ಲೇ ಸ್ವಲ್ಪ ಕಳ್ಳಾಟ ಆಡಿದವನ ಕುಸಿತ ಕಡಿಮೆ ಕಾಣುತ್ತದೆ, ಪ್ರಾಮಾಣಿಕವಾಗಿ ಓಡಿದ ಚುರುಕು ಹುಡುಗ ಕೆಟ್ಟವನಂತೆ ಕಾಣುತ್ತಾನೆ. ಇನ್ನೊಂದು ದಿನ ಒಂದೇ ಓಟ ಓಡಿಸಿ ಸಮಯ ಬರೆದಿಟ್ಟುಕೊಂಡರೆ ಕಳ್ಳಾಟ ಸಿಕ್ಕಿಬೀಳುತ್ತದೆ. ಹೆಚ್ಚು ನಂಬಬೇಕಾದದ್ದು ಆರೂ ಓಟಗಳ ಸರಾಸರಿ.

ಏರೋಬಿಕ್ ಶಕ್ತಿ, ಅಂದರೆ ಆಮ್ಲಜನಕ ಬಳಸುವ ಶಕ್ತಿ ತಿಳಿಯಲು ಡೆನ್ಮಾರ್ಕಿನ ಯೆನ್ಸ್ ಬ್ಯಾಂಗ್ಸ್‌ಬೋ ರೂಪಿಸಿದ ಯೋ-ಯೋ ಪರೀಕ್ಷೆ ಇದೆ. 20 ಮೀಟರ್ ಹೋಗಿ ಬರುವುದು, 10 ಸೆಕೆಂಡು ಮೆಲ್ಲನೆ ನಡೆದಾಡಿ ಸುಧಾರಿಸಿಕೊಳ್ಳುವುದು, ಬೀಪ್ ಸದ್ದಿಗೆ ಮತ್ತೆ ಹೊರಡುವುದು; ಬೀಪ್ ವೇಗ ಏರುತ್ತಾ ಹೋಗುತ್ತದೆ. ಓಟದ ನಡುವೆ ಬಿಡುವು ಇರುವುದರಿಂದ ಇದು ಒಂದೇ ಸಮನೆ ಓಡಿಸುವ ಹಳೆಯ ಬೀಪ್ ಪರೀಕ್ಷೆಗಿಂತ ಫುಟ್‌ಬಾಲ್‌ಗೆ ಹತ್ತಿರ. ಸದ್ದಿನ ಫೈಲ್ ಫೋನಿಗೆ ಇಳಿಸಿಕೊಂಡು ಸ್ಪೀಕರ್‌ಗೆ ಹಾಕಿದರೆ ಇಪ್ಪತ್ತು ಹುಡುಗರನ್ನು ಒಟ್ಟಿಗೆ ಓಡಿಸಬಹುದು. ಟರ್ಮ್‌ಗೆ ಒಂದು ಸಲ ಸಾಕು.

ಇನ್ನು ಬೆಳೆಸುವ ವಿಷಯ. ನಿಮ್ಮ ಮೂರು ಬಾಲು ನಿಮಗಿರುವ ದೊಡ್ಡ ಆಸ್ತಿ. ನಾಲ್ಕು ಜನರ ಹತ್ತು ತಂಡ ಮಾಡಿ. ಸುಮಾರು 30 ಮೀಟರ್ ಉದ್ದ, 20 ಮೀಟರ್ ಅಗಲದ ಮೂರು ಅಂಗಳ ಗುರುತು ಹಾಕಿ. ಆರು ತಂಡ ಒಳಗೆ, ನಾಲ್ಕು ಹೊರಗೆ. ಗೋಲ್‌ಕೀಪರ್ ಬೇಡ, ಎರಡು ಕಲ್ಲಿಟ್ಟ ಸಣ್ಣ ಗೋಲ್ ಸಾಕು. 4 ನಿಮಿಷ ಆಟ, 3 ನಿಮಿಷ ಬಿಡುವು, ತಂಡಗಳ ಬದಲಾವಣೆ. ಬಾಲ್ ಹೊರಗೆ ಹೋದರೆ ಅಂಚಿನಲ್ಲಿ ನಿಂತವರು ತಕ್ಷಣ ಒಳಗೆ ತಳ್ಳಬೇಕು. ಆಟ ನಿಂತರೆ ಹೃದಯದ ಕೆಲಸವೂ ನಿಲ್ಲುತ್ತದೆ. ನೀವು ಅಂಚಿನಲ್ಲಿ ನಿಂತು ಹುರಿದುಂಬಿಸಬೇಕು. ಕೋಚ್ ಕೂಗಿ ಪ್ರೋತ್ಸಾಹಿಸಿದಾಗ ಇದೇ ಆಟದಲ್ಲಿ ಹೃದಯ ಬಡಿತ ಹೆಚ್ಚುತ್ತದೆ ಎಂಬುದನ್ನು ಅಳೆದು ನೋಡಿದ್ದಾರೆ. 2006ರಲ್ಲಿ ಇಟಲಿಯ ಇಂಪೆಲಿಜೆರಿ ಮತ್ತು ಸಂಗಡಿಗರು ಜೂನಿಯರ್ ಆಟಗಾರರಲ್ಲಿ ಒಂದು ಗುಂಪಿಗೆ ಬರೀ ಓಟ, ಇನ್ನೊಂದಕ್ಕೆ ಇಂಥ ಸಣ್ಣ ಆಟ ಕೊಟ್ಟು ಹೋಲಿಸಿದಾಗ ಎರಡರ ಏರೋಬಿಕ್ ಲಾಭವೂ ಸಮಸಮ ಬಂತು. ಲಾಭ ಒಂದೇ ಆದಮೇಲೆ ಬಾಲ್ ಇರುವುದನ್ನೇ ಆರಿಸೋಣ.

ಇದರಲ್ಲೊಂದು ಕೊರತೆಯೂ ಇದೆ. ಮೂಲೆಯಲ್ಲಿ ಅವಿತುಕೊಳ್ಳುವ ಹುಡುಗ ಸಣ್ಣ ಆಟದಲ್ಲೂ ಅವಿತುಕೊಳ್ಳುತ್ತಾನೆ, ತೀರ ಗಟ್ಟಿ ಹುಡುಗನಿಗೆ ಅದು ಸಾಲುವುದಿಲ್ಲ. ಅವರಿಬ್ಬರಿಗೂ ವಾರಕ್ಕೊಮ್ಮೆ 15 ಸೆಕೆಂಡು ಜೋರು ಓಟ, 15 ಸೆಕೆಂಡು ನಿಲುಗಡೆ, ಹೀಗೆ ಆರೇಳು ನಿಮಿಷ ಓಡಿಸಿ. ಹತ್ತು ರೌಂಡಿನ ಜಾಗದಲ್ಲಿ ಫೀಫಾದ ‘11+’ ವಾರ್ಮಪ್ ತನ್ನಿ. ಸುಮಾರು 20 ನಿಮಿಷದ್ದು, ಉಪಕರಣ ಬೇಡ. ನಾರ್ವೆಯ 13ರಿಂದ 17ರ ಹುಡುಗಿಯರಲ್ಲಿ ಅದು ಗಾಯಗಳನ್ನು ಸುಮಾರು ಮೂರನೇ ಒಂದು ಭಾಗ ತಗ್ಗಿಸಿತ್ತು.

ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆಯಲ್ಲ ಸರ್, ಅಲ್ಲೇ ನಮ್ಮನೆ. ನನಗೆ 17. ಸ್ಪೀಡ್ ಬೇಕು ಅಂತ ದಿನಾ 100 ಮೀಟರ್ ಹತ್ತು ಸಲ ಓಡ್ತೀನಿ, ನಡುವೆ 15 ಸೆಕೆಂಡ್ ಮಾತ್ರ ರೆಸ್ಟ್. ವಾಂತಿ ಬರೋ ಹಾಗಾಗುತ್ತೆ, ಸ್ಪೀಡ್ ಮಾತ್ರ ಬಂದಿಲ್ಲ.
*ಬೆಂಗಳೂರು*

ಬರುವುದೂ ಇಲ್ಲ ತಮ್ಮಾ. ಮೂರನೇ ಓಟದಿಂದ ಮುಂದೆ ನೀನು ಓಡುತ್ತಿರುವುದು ಸುಸ್ತಿನ ಓಟ. ಸ್ನಾಯು ಕಲಿಯುವುದು ನಿಧಾನವಾಗಿ ಓಡುವುದನ್ನೇ. ವೇಗಕ್ಕೆ ಬೇಕಿರುವುದು ಕಡಿಮೆ ಓಟ, ಜಾಸ್ತಿ ವಿಶ್ರಾಂತಿ. ವಾರಕ್ಕೆರಡು ದಿನ, ವಾರ್ಮಪ್ ಆದ ಕೂಡಲೇ, ಕಾಲು ತಾಜಾ ಇರುವಾಗ 20ರಿಂದ 30 ಮೀಟರ್‌ನ ಆರೆಂಟು ಓಟ. ಪ್ರತಿ ಓಟದ ನಂತರ ಎರಡು ನಿಮಿಷ ಸುಮ್ಮನೆ ಅಡ್ಡಾಡು. ಏನೂ ಮಾಡಿಲ್ಲವಲ್ಲ ಅನ್ನಿಸುತ್ತದೆ, ಅನ್ನಿಸಲಿ. ಪದೇಪದೇ ಸ್ಪ್ರಿಂಟ್ ಮಾಡುವ ಪರೀಕ್ಷೆಯಲ್ಲಿ ಸರಾಸರಿ ಯಾರದು ಚೆನ್ನಾಗಿರುತ್ತದೆ ಎಂದು ನೋಡಿದರೆ, ಮೊದಲು ಲೆಕ್ಕಕ್ಕೆ ಬರುವುದು ಅವನ ಒಂದೇ ಒಂದು ಒಳ್ಳೆಯ ಓಟದ ವೇಗ. ಆಮೇಲೆ ದಮ್ಮು. ಎರಡನ್ನೂ ಒಂದೇ ಗಂಟೆಯಲ್ಲಿ ತುರುಕಬೇಡ.

ತೊಡೆಯ ಹಿಂಭಾಗಕ್ಕೆ ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ ವ್ಯಾಯಾಮವನ್ನೂ ಸೇರಿಸಿಕೊ: ಮಂಡಿಯೂರಿ ಕೂತು, ಹಿಮ್ಮಡಿಯನ್ನು ಗೆಳೆಯ ಒತ್ತಿ ಹಿಡಿದಿರುವಾಗ ಬೆನ್ನು ಬಗ್ಗಿಸದೆ ಮೆಲ್ಲಗೆ ಮುಂದಕ್ಕೆ ಬಾಗುವುದು. ಮೊದಲ ವಾರ ಐದೈದರ ಎರಡು ಸುತ್ತು ಸಾಕು, ಮರುದಿನ ಮೆಟ್ಟಿಲು ಇಳಿಯುವಾಗ ಯಾಕೆಂದು ಗೊತ್ತಾಗುತ್ತದೆ.

ನನ್ನ ಮಗಳು 15 ವರ್ಷದವಳು, ಮಿಡ್‌ಫೀಲ್ಡ್ ಆಡುತ್ತಾಳೆ. ಇತ್ತೀಚೆಗೆ ಬೇಗ ಏದುಸಿರು ಬರುತ್ತದೆ, ತಲೆ ಸುತ್ತು ಅನ್ನುತ್ತಾಳೆ. ಆಲಸ್ಯ ಅಂತ ಕೋಚ್ ಬೈಯುತ್ತಾರೆ. ಮುಟ್ಟಿನ ದಿನಗಳಲ್ಲಿ ಸ್ರಾವವೂ ಹೆಚ್ಚು. ಸಂಬಂಧ ಇದೆಯೇ?
*ಒಬ್ಬ ತಾಯಿ, ಬೆಳಗಾವಿ*

ಇರುವ ಸಾಧ್ಯತೆ ತುಂಬಾ ಹೆಚ್ಚು ತಾಯಿ. ಈ ವಾರವೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಆಗುವುದಾದರೆ ಮೈಯಲ್ಲಿನ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಪರೀಕ್ಷೆಯನ್ನೂ. ಆಮ್ಲಜನಕವನ್ನು ಸ್ನಾಯುವಿಗೆ ಹೊತ್ತೊಯ್ಯುವುದೇ ಹಿಮೋಗ್ಲೋಬಿನ್. ಅದು ಕಡಿಮೆಯಿದ್ದಾಗ ಎಷ್ಟು ತರಬೇತಿ ಕೊಟ್ಟರೂ ಎರಡು ಓಟಗಳ ನಡುವೆ ಹುಡುಗಿ ಸುಧಾರಿಸಿಕೊಳ್ಳುವುದಿಲ್ಲ. ನಮ್ಮ ದೇಶದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ 59 ಶೇಕಡಾ ಮಂದಿಗೆ ರಕ್ತಹೀನತೆ. ಅಂದರೆ ಹನ್ನೊಂದು ಹುಡುಗಿಯರ ತಂಡದಲ್ಲಿ ಆರೇಳು ಮಂದಿ. ಆಲಸ್ಯ ಎಂದು ಬೈಯುವ ಮೊದಲು ಪ್ರತಿ ಹುಡುಗಿಯರ ತಂಡದ ಕೋಚ್ ಈ ಸಂಖ್ಯೆಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಹೆಚ್ಚು ಸ್ರಾವದ ಬಗ್ಗೆ ಸ್ತ್ರೀರೋಗ ವೈದ್ಯರಿಗೆ ತೋರಿಸಿ. ಕಬ್ಬಿಣದ ಮಾತ್ರೆ ಎಷ್ಟು, ಎಷ್ಟು ದಿನ ಎಂಬುದನ್ನೂ ವೈದ್ಯರೇ ಹೇಳಲಿ. ಶಾಲೆಯಲ್ಲಿ ಕೊಡುವ ವಾರಕ್ಕೊಂದು ನೀಲಿ ಮಾತ್ರೆಯನ್ನು ಬಿಸಾಡುತ್ತಿಲ್ಲ ತಾನೇ, ವಿಚಾರಿಸಿ. ಊಟದಲ್ಲಿ ಸೊಪ್ಪು, ಹುರುಳಿ, ಮೊಳಕೆಕಾಳು ಇರಲಿ, ಮೇಲೆ ನಿಂಬೆಹಣ್ಣು ಹಿಂಡಿ. ಮಾಂಸ ತಿನ್ನುವ ಮನೆಯಾದರೆ ಇನ್ನೂ ಸುಲಭ. ಊಟದ ಜೊತೆಗಿನ ಚಹಾ ಮಾತ್ರ ತಪ್ಪಿಸಿ, ಅದು ಕಬ್ಬಿಣ ಮೈಗೆ ಹತ್ತಗೊಡುವುದಿಲ್ಲ. ವರದಿ ಬರುವ ತನಕ ಬಾಲ್ ಜೊತೆಗಿನ ಹಗುರ ಅಭ್ಯಾಸ ಸಾಕು. ಓಡುವಾಗ ಪ್ರಜ್ಞೆ ತಪ್ಪಿದರೆ ಅಥವಾ ಎದೆ ನೋವು ಬಂದರೆ ರಕ್ತಹೀನತೆ ಎಂದು ಸುಮ್ಮನಾಗದೆ ಅದೇ ದಿನ ಆಟ ನಿಲ್ಲಿಸಿ, ಇಸಿಜಿ ಮಾಡಿಸಿ, ಹೃದಯ ವೈದ್ಯರನ್ನು ಕಾಣಿ.

ಒಂದೇ ವರ್ಷದಲ್ಲಿ ಮಗ 9 ಸೆಂಟಿಮೀಟರ್ ಬೆಳೆದ. ಈಗ 13. ಚಿಗರೆ ಹಾಗೆ ಓಡ್ತಿದ್ದವನು ಈಗ ತನ್ನ ಕಾಲಿಗೇ ಎಡವುತ್ತಾನೆ. ಮಂಡಿಚಿಪ್ಪಿನ ಕೆಳಗೆ ನೋವು ಬೇರೆ. ಮುಂದಿನ ತಿಂಗಳು ಅಕಾಡೆಮಿ ಟ್ರಯಲ್ಸ್ ಇದೆ, ಏನು ಮಾಡಲಿ?
*ಮೈಸೂರು*

ಗಂಡುಮಕ್ಕಳು ಅತಿ ವೇಗವಾಗಿ ಎತ್ತರ ಬೆಳೆಯುವುದು ಸರಾಸರಿ 14ರ ಸುಮಾರಿಗೆ, ಹೆಣ್ಣುಮಕ್ಕಳು 12ರ ಸುಮಾರಿಗೆ. ಮೂಳೆ ಮುಂದೆ ಓಡುತ್ತದೆ, ಸ್ನಾಯು ಮತ್ತು ಅಂಗಾಂಗಗಳ ಹೊಂದಾಣಿಕೆ ಹಿಂದೆ ಬೀಳುತ್ತದೆ. ನಿಮ್ಮ ಹುಡುಗನ ಎಡವಾಟಕ್ಕೆ ಇದೇ ಕಾರಣ ಇರಬೇಕು. ಹಾಗಿದ್ದರೆ ಕೆಲವು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ. ಮಂಡಿ ಕೆಳಗಿನ ನೋವು ಆಸ್‌ಗುಡ್-ಶ್ಲಾಟರ್ ಎಂಬ ಸ್ಥಿತಿ ಇರಬಹುದು. ತೊಡೆಯ ಸ್ನಾಯು ಇನ್ನೂ ಗಟ್ಟಿಯಾಗದ ಮೂಳೆಯ ತುದಿಯನ್ನು ಎಳೆದು ಎಳೆದು ಬರುವ ನೋವು ಅದು. ವೈದ್ಯರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ. ಜಿಗಿತ, ಜೋರು ಸ್ಪ್ರಿಂಟ್, ಗಟ್ಟಿ ನೆಲ ಇವನ್ನು ಕಡಿಮೆ ಮಾಡಿ. ಆಟ ಪೂರ್ತಿ ನಿಲ್ಲಿಸಬೇಕಾಗುವುದು ಅಪರೂಪ. ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರದ ಗೀಟು ಹಾಕಿ, ದಿನಾಂಕ ಬರೆಯಿರಿ. ಗೀಟುಗಳ ಅಂತರ ಕಿರಿದಾಗುತ್ತಾ ಬಂದಾಗ ಅಭ್ಯಾಸ ಏರಿಸಬಹುದು.

ಟ್ರಯಲ್ಸ್‌ಗೆ ಕಳಿಸಬೇಡಿ ಎನ್ನುವುದಿಲ್ಲ. ಅಲ್ಲಿ ಆಗುವ ಅನ್ಯಾಯ ಗೊತ್ತಿರಲಿ. 13ರ ಗುಂಪಿನಲ್ಲಿ ಮೀಸೆ ಚಿಗುರಿದವನೂ ಇರುತ್ತಾನೆ, ಹಾಲುಗಲ್ಲದವನೂ ಇರುತ್ತಾನೆ. ಜನವರಿಯಲ್ಲಿ ಹುಟ್ಟಿದವನಿಗೆ ಡಿಸೆಂಬರ್‌ನವನಿಗಿಂತ ಸುಮಾರು ಒಂದು ವರ್ಷದ ಮುನ್ನಡೆ. 30 ಮೀಟರ್ ಓಡಿಸಿ ಆರಿಸಿದರೆ ಬಹಳ ಸಲ ಆಯ್ಕೆಯಾಗುವುದು ಪ್ರತಿಭೆಯಲ್ಲ, ಪ್ರಾಯ. ಇಂಗ್ಲೆಂಡಿನ ಅಕಾಡೆಮಿಗಳು ಹುಟ್ಟಿದ ವರ್ಷದ ಬದಲು ದೇಹ ಎಷ್ಟು ಬಲಿತಿದೆ ಎಂಬುದರ ಮೇಲೆ ಗುಂಪು ಮಾಡಿ ಆಡಿಸುವ ಕ್ರಮವನ್ನು ಬಳಸಿ ನೋಡಿವೆ. ನಮ್ಮಲ್ಲೂ ಇದು ಬರಲಿ.

ಮ್ಯಾಚ್ ಮುಂಚೆ ಹುಡುಗರೆಲ್ಲ ಎನರ್ಜಿ ಡ್ರಿಂಕ್ ಕುಡಿಯುತ್ತಾರೆ. ಮಗನಿಗೂ ಬೇಕಂತೆ.
*ಮಂಗಳೂರು*

ಬೇಡ. ಕೆಫೀನ್ ಇರುವ ಆ ಡಬ್ಬಿಯ ಮೇಲೇ ಮಕ್ಕಳಿಗೆ ಯೋಗ್ಯವಲ್ಲ ಎಂದು ಬರೆದಿರುತ್ತದೆ, ಅವನ ಕೈಯಲ್ಲೇ ಓದಿಸಿ. ನಿಮ್ಮೂರಿನ ಸೆಕೆಗೆ ಆಟದ ಎರಡು ಗಂಟೆ ಮುಂಚಿನಿಂದ ನೀರು, ನಡುವೆ ಉಪ್ಪು ಹಾಕಿದ ನೀರುಮಜ್ಜಿಗೆ ಅಥವಾ ಎಳನೀರು, ಜೊತೆಗೊಂದು ಬಾಳೆಹಣ್ಣು.

ಮಗನ ಕೈಗೆ ಸ್ಮಾರ್ಟ್ ವಾಚ್ ಕಟ್ಟಿದ್ದೇನೆ. 220ರಿಂದ ವಯಸ್ಸು ಕಳೆದು ಗರಿಷ್ಠ ಹೃದಯ ಬಡಿತ ಲೆಕ್ಕ ಹಾಕಬಹುದೇ?
*ಹುಬ್ಬಳ್ಳಿ*

ಆ ಸೂತ್ರ ಮಕ್ಕಳಿಗೆ ಹೊಂದುವುದಿಲ್ಲ. ಹದಿವಯಸ್ಸಿನಲ್ಲಿ ಗರಿಷ್ಠ ಬಡಿತ ವರ್ಷವರ್ಷಕ್ಕೂ ಇಳಿಯುವುದಿಲ್ಲ, 200ರ ಆಚೀಚೆ ನಿಂತಿರುತ್ತದೆ. ಒಬ್ಬೊಬ್ಬರದು ಹತ್ತು ಬಡಿತ ಹೆಚ್ಚುಕಡಿಮೆ. ಯೋ-ಯೋ ಪರೀಕ್ಷೆಯ ಕೊನೆಯಲ್ಲಿ ಬಂದ ಸಂಖ್ಯೆಯನ್ನೇ ಅವನ ಗರಿಷ್ಠ ಎಂದು ಹಿಡಿಯಿರಿ. ಮಣಿಕಟ್ಟಿನ ವಾಚು ಜೋರು ಓಟದಲ್ಲಿ ತಪ್ಪು ತೋರಿಸುವುದುಂಟು. ಎದೆಗೆ ಕಟ್ಟುವ ಪಟ್ಟಿ ಹೆಚ್ಚು ನಂಬಿಕಸ್ಥ.

ಮಗ ಎಸ್‌ಎಸ್‌ಎಲ್‌ಸಿ. ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ ಫುಟ್‌ಬಾಲ್ ಬಂದ್ ಅಂತ ಇವರು ಹೇಳಿದ್ದಾರೆ. ಗಳಿಸಿದ ಸ್ಟಾಮಿನಾ ಪೂರ್ತಿ ಹೋಗುತ್ತದಾ?
*ಒಬ್ಬ ತಾಯಿ, ತುಮಕೂರು*

ಪೂರ್ತಿ ನಿಲ್ಲಿಸಿದರೆ ಎರಡು ಮೂರು ವಾರದಲ್ಲೇ ಇಳಿಯಲು ಶುರುವಾಗುತ್ತದೆ. ಆದರೆ ಉಳಿಸಿಕೊಳ್ಳುವುದು ಗಳಿಸಿದಷ್ಟು ಕಷ್ಟವಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ಹಿಕ್ಸನ್ ಮತ್ತು ಸಂಗಡಿಗರು, ವಾರಕ್ಕೆ ಆರು ದಿನ ತರಬೇತಿ ಮಾಡುತ್ತಿದ್ದವರನ್ನು ಎರಡು ದಿನಕ್ಕೆ ಇಳಿಸಿ ನೋಡಿದರು. ಜೋರು ಕಡಿಮೆ ಮಾಡದೆ ದಿನಗಳನ್ನಷ್ಟೇ ಕಡಿಮೆ ಮಾಡಿದಾಗ, 15 ವಾರ ಕಳೆದರೂ ಆಮ್ಲಜನಕ ಬಳಕೆಯ ಗರಿಷ್ಠ ಮಟ್ಟ ಇಳಿಯಲಿಲ್ಲ. ಅವರು ದೊಡ್ಡವರು, ನಿಜ. ದಾರಿ ಮಾತ್ರ ಹುಡುಗರಿಗೂ ಇದೇ.

ಆದ್ದರಿಂದ ನಿಮ್ಮ ಯಜಮಾನರ ಜೊತೆ ಹೀಗೆ ರಾಜಿ ಮಾಡಿಕೊಳ್ಳಿ: ವಾರಕ್ಕೆ ಎರಡು ಸಂಜೆ, ತಲಾ ಅರ್ಧ ಗಂಟೆ. ಒಂದು ಸಂಜೆ ಮೇಲೆ ಹೇಳಿದ 4 ನಿಮಿಷದ ಓಟ ಮೂರು ಸುತ್ತು. ಇನ್ನೊಂದು ಸಂಜೆ 20 ಮೀಟರ್‌ನ ಆರು ಸ್ಪ್ರಿಂಟ್, ಉಳಿದ ಹೊತ್ತು ಗೆಳೆಯರ ಜೊತೆ ಬಾಲ್. ಪರೀಕ್ಷೆಯ ಹಿಂದಿನ ಸಂಜೆ ಬಂದರೆ ಬಿಟ್ಟುಬಿಡಿ. ಪರೀಕ್ಷೆ ಮುಗಿದ ಮಾರನೇ ದಿನವೇ ಬೇಸಿಗೆ ಟೂರ್ನಮೆಂಟ್‌ಗೆ ಹೆಸರು ಕೊಡುವ ಹುಡುಗರೇ ಹೆಚ್ಚು, ತೊಡೆ ಹಿಡಿದುಕೊಂಡು ನನ್ನ ಬಳಿ ಬರುವವರಲ್ಲೂ ಅವರೇ ಹೆಚ್ಚು. ಎರಡು ಮೂರು ವಾರ ಅಭ್ಯಾಸ ಏರಿಸಿಕೊಂಡು ಆಮೇಲೆ ಪಂದ್ಯಕ್ಕೆ ಇಳಿಯಲಿ. ಅಪ್ಪನಿಗೆ ಕೊಟ್ಟ ಅರ್ಧ ಗಂಟೆಯ ಮಾತನ್ನು ಅವನೂ ಒಂದೂವರೆ ಗಂಟೆ ಮಾಡಬಾರದು.